ಅವ್ವನ ಹೆಬ್ಬೆಟ್ಟು, ಎರಡು ತುಂಡು ಗಾಜು

ಹೋದ ತಿಂಗಳು ತಂಗಿ ಮಗಳು ಫೋನ್ ಮಾಡಿದ್ಲು. ಎಂ.ಎಸ್ಸಿ. ಫೊರೆನ್ಸಿಕ್ ಸೈನ್ಸ್, ಕೊನೇ ವರ್ಷ. ನಮ್ಮ ಕೇರಿಯಿಂದ ಅಂಥ ಕೋರ್ಸಿಗೆ ಹೋದ ಮೊದಲ ಹುಡುಗಿ. ಅವಳ ವಿಷಯ ಬಂದ್ರೆ ನಾನು ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ, ನನ್ನ ಬಲ್ಲವರಿಗೆ ಗೊತ್ತಿರೋದೇ.

“ಮಾವ, ಒಂದು ಹೆಲ್ಪ್ ಆಗ್ಬೇಕು. ನಮ್ಮ ಕೇರಿಲಿ ಐವತ್ತು ಜನರ ಬೆರಳಚ್ಚು, ಅಂಗೈ ಅಚ್ಚು ತಗೋಬೇಕು. ನೀನು ಹೇಳಿದ್ರೆ ಕೊಡ್ತಾರೆ.”

ಯಾಕಮ್ಮಾ ಅಂದೆ. ಪ್ರಾಜೆಕ್ಟ್ ಅಂತೆ. ಬೇರೆ ಬೇರೆ ಸಮುದಾಯಗಳ ಬೆರಳು ಮತ್ತು ಅಂಗೈ ಗೆರೆಗಳ ಮಾದರಿಗಳ ತೌಲನಿಕ ಅಧ್ಯಯನ. ನಮ್ಮ ಕೇರಿಯಿಂದ ಐವತ್ತು, ಮೇಲಿನ ಬೀದಿಯ ಎರಡು ಜಾತಿಗಳಿಂದ ಐವತ್ತೈವತ್ತು, ಗೊಲ್ಲರಹಟ್ಟಿಯಿಂದ ಐವತ್ತು.

ನಾನು ಫೋನಲ್ಲೇ ರೇಗಿಬಿಟ್ಟೆ. “ಇನ್ನೂ ನಮ್ಮ ಕೈ ನೋಡಿ ಮುಗಿದಿಲ್ವೇನೇ ಇವರಿಗೆ? ಮೂಗು ಅಳೆದ್ರು, ತಲೆ ಅಳೆದ್ರು, ಈಗ ನಿನ್ನ ಕೈಲೇ ನಮ್ಮ ಕೈ ಅಳೆಸ್ತಾವ್ರಾ?” ಅಂದೆ. ಇನ್ನೂ ಏನೇನೋ ಅಂದೆ. ಆ ಮಗು ಒಂದು ನಿಮಿಷ ಸುಮ್ಮನಿದ್ದು “ಆಯ್ತು ಮಾವ” ಅಂತ ಫೋನ್ ಇಟ್ಲು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವಳ ಮೇಲಿನ ಸಿಟ್ಟಲ್ಲ ಅದು. 1996ರ ಬೇಸಿಗೆ ನೆನಪಾಗಿತ್ತು. ಇಲ್ಲಿಯವರೆಗೆ ಅದನ್ನ ಎಲ್ಲೂ ಬರೆದಿಲ್ಲ, ಭಾಷಣದಲ್ಲೂ ಹೇಳಿಲ್ಲ. ಯಾಕಂದ್ರೆ ಅದರಲ್ಲಿ ನನ್ನ ಪಾತ್ರವೂ ಇದೆ.

ಅದಕ್ಕೂ ಮುಂಚಿನ ಒಂದು ಮಾತು ಹೇಳಿಬಿಡ್ತೀನಿ. ಐದನೇ ಕ್ಲಾಸಲ್ಲಿದ್ದಾಗ ನಮ್ಮ ಶಾಲೇಲಿ ಬೆರಳಿನ ಚಕ್ರ ಎಣಿಸೋ ಆಟ ಶುರುವಾಗಿತ್ತು. ನೀವೂ ಆಡಿರ್ತೀರಿ. ಬೆರಳ ತುದಿಯ ಗೆರೆ ಸುತ್ತಿಕೊಂಡಿದ್ರೆ ಚಕ್ರ, ಬಾಗಿ ವಾಪಸ್ ಹೋಗಿದ್ರೆ ಶಂಖ. ಹತ್ತು ಬೆರಳಲ್ಲೂ ಚಕ್ರ ಇದ್ದವನು ರಾಜ ಆಗ್ತಾನೆ ಅಂತ ಯಾರೋ ಹಬ್ಬಿಸಿದ್ರು. ನನ್ನ ಕೈಲಿ ಎಂಟು ಚಕ್ರ. ಶಾನುಭೋಗರ ಮನೆ ಹುಡುಗನಿಗೆ ಎರಡೇ. ಅವನ ಮುಖ ಸಣ್ಣಗಾಯ್ತು. ಪಕ್ಕದಲ್ಲಿದ್ದ ಇನ್ನೊಬ್ಬ ಅವನ ಸಹಾಯಕ್ಕೆ ಬಂದ: “ಅವನದು ಬಿಡೋ, ಅದು ಗಾಡಿ ಚಕ್ರ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅಪ್ಪನ ಕೈ ಹಿಡಿದು ನೋಡಿದ್ರೆ ಚಕ್ರವೂ ಇಲ್ಲ ಶಂಖವೂ ಇಲ್ಲ. ಬರೀ ಬಿರುಕು.

ಈಗ 1996. ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದು ಮನೇಲಿದ್ದೆ. ಯಾವುದೋ ವಿದ್ಯಾಲಯದಿಂದ ಮಾನವಶಾಸ್ತ್ರದ ಸಂಶೋಧಕರೊಬ್ರು ನಮ್ಮೂರಿಗೆ ಬಂದ್ರು. ಕೈಚೀಲದಲ್ಲಿ ಒಂದು ತುಂಡು ಗಾಜು, ರಬ್ಬರ್ ರೋಲರ್, ಕಪ್ಪು ಶಾಯಿ ಟ್ಯೂಬು, ನುಣುಪು ಕಾಗದದ ಕಟ್ಟು. ಗಾಜಿನ ಮೇಲೆ ಶಾಯಿ ಹಿಂಡಿ, ರೋಲರಿನಲ್ಲಿ ತೆಳ್ಳಗೆ ಹರಡಿ, ಅದರ ಮೇಲೆ ಬೆರಳು ಹೊರಳಿಸಿ ಕಾಗದಕ್ಕೆ ಒತ್ತಿಸೋರು. ಕೇರಿಯ ಜನ ಹೆದರಿದ್ರು. ಕಾಗದದ ಮೇಲೆ ಹೆಬ್ಬೆಟ್ಟು ಅಂದ್ರೆ ನಮ್ಮವರಿಗೆ ಹೆದರಿಕೆ ಇರೋದು ಸಹಜ, ಅದನ್ನ ಆಮೇಲೆ ಹೇಳ್ತೀನಿ. ಆಗ ಅವರಿಗೆ ಸಿಕ್ಕಿದವನು ನಾನು. ಓದಿದ ಹುಡುಗ. ಮನೆಮನೆಗೆ ಹೋಗಿ “ಏನೂ ಆಗಲ್ಲ, ಇದು ವಿಜ್ಞಾನ” ಅಂತ ಹೇಳಿ ಹೊಂಗೆ ಮರದ ಕೆಳಗೆ ಜನ ಸೇರಿಸಿದೆ.

ಮನುಷ್ಯ ಒಳ್ಳೆಯವರೇ. ನಮ್ಮ ಮನೇಲಿ ಮುದ್ದೆ ಉಂಡ್ರು. ನನಗೆ ಗೆರೆಗಳ ಲೆಕ್ಕ ಹೇಳಿಕೊಟ್ರು. ಚಕ್ರ, ಶಂಖ, ಎರಡೂ ಅಲ್ಲದ ಕಮಾನು. ಅಂಗೈಯಲ್ಲಿ ಬೆರಳುಗಳ ಬುಡದಿಂದ ಮಣಿಕಟ್ಟಿನ ಹತ್ತಿರದ ಸಂಧಿಗೆ ಗೆರೆ ಎಳೆದು ಕೋನ ಅಳೆಯೋದು. ಈ ವಿದ್ಯೆಗೆ ಡರ್ಮಟೋಗ್ಲಿಫಿಕ್ಸ್ ಅಂತ 1926ರಲ್ಲಿ ಹೆಸರಿಟ್ಟವರು ಅಮೆರಿಕದ ಹೆರಾಲ್ಡ್ ಕಮಿನ್ಸ್ ಮತ್ತು ಚಾರ್ಲ್ಸ್ ಮಿಡ್ಲೊ ಅನ್ನೋದನ್ನ ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ.

ಎರಡನೇ ದಿನ ಮೇಲಿನ ಬೀದಿಗೆ ಹೋದ್ವಿ. ದೇವಸ್ಥಾನದ ಜಗಲಿ ಮೇಲೆ ಅವರಿಗೆ ಕುರ್ಚಿ ಹಾಕಿದ್ರು. ನಾನು ಕೆಳಗೆ ನಿಂತೆ, ಅದು ಹೇಳಿಸಿಕೊಳ್ಳಬೇಕಾದ ವಿಷಯ ಆಗಿರಲಿಲ್ಲ. ಅವರು ಗಾಜು ತೆಗೆದಾಗ ಒಬ್ಬ ಹಿರಿಯರು ಕೇಳಿದ್ರು: “ನಿನ್ನೆ ಅವರೆಲ್ಲ ಒತ್ತಿದ್ದು ಇದರ ಮೇಲೇನಾ?” ಹೌದು, ತೊಳೆದಿದೆ ಅಂದ್ರು ಇವರು. “ತೊಳೆದಿದ್ರೂ...” ಅಂತ ಆ ಹಿರಿಯರು ಎದ್ದರು. ಉಳಿದವರೂ ಎದ್ದರು.

ಮಧ್ಯಾಹ್ನ ಹೋಬಳಿಯ ಫೋಟೋ ಫ್ರೇಮಿನ ಅಂಗಡಿಯಿಂದ ಇನ್ನೊಂದು ತುಂಡು ಗಾಜು ಬಂತು. ಇನ್ನೊಂದು ರೋಲರೂ. ಅದಲುಬದಲಾಗಬಾರದು ಅಂತ ನಮ್ಮ ಗಾಜಿನ ಮೂಲೆಗೆ ಒಂದು ಕೆಂಪು ದಾರ ಅಂಟಿಸಿದ್ರು. ಹೋಟೆಲಲ್ಲಿ ಎರಡು ಲೋಟ ನೋಡಿದ್ದೆ. ವಿಜ್ಞಾನದಲ್ಲೂ ಎರಡು ಲೋಟ ಇರುತ್ತೆ ಅಂತ ಅವತ್ತು ಗೊತ್ತಾಯ್ತು. ಅವರು ನನ್ನ ಮುಖ ನೋಡದೇ “ಏನ್ ಮಾಡೋದಪ್ಪ, ಕೆಲಸ ಆಗಬೇಕಲ್ಲ” ಅಂದ್ರು. ನಾನು ತಲೆಯಾಡಿಸಿದೆ. ಸಂಜೆ ಎರಡೂ ಗಾಜನ್ನ ಸೀಮೆಎಣ್ಣೆ ಹಾಕಿ ತೊಳೆದದ್ದು ನಾನೇ. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಎಲ್ಲ ಜಾತಿಯವರ ಚರ್ಮದ ಗೆರೆ ಒಂದೇ ಥರಾನಾ, ಬೇರೇನಾ ಅಂತ ತಿಳ್ಕೊಳ್ಳೋಕೆ ಬಂದವರ ಚೀಲದಲ್ಲಿ ಉತ್ತರ ಕೆಂಪು ದಾರ ಕಟ್ಟಿಕೊಂಡು ಕೂತಿತ್ತು. ಆ ಸಂಗತಿ ಅವರ ಟೇಬಲ್ಲಿನ ಯಾವ ಕಾಲಮ್ಮಿಗೂ ಹೋಗಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ಸುಮ್ಮನೆ ನಿಂತಿದ್ದೆ. ಅದು ಇವತ್ತಿಗೂ ಚುಚ್ಚುತ್ತೆ.

ಇನ್ನೊಂದು ಸಂಗತಿ ಅವತ್ತು ನನಗೆ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಕೇರಿಯಲ್ಲಿ ಅವ್ವನ ಬೆರಳು ಮೂರು ಸಲ ಒತ್ತಿಸಿದ್ರು. ಮೂರು ಸಲವೂ ಕಾಗದದ ಮೇಲೆ ಬಂದದ್ದು ಕಪ್ಪು ಮಚ್ಚೆ. ಸೋಪಲ್ಲಿ ತೊಳ್ಕೊಂಡು ಬನ್ನಿ ಅಂದ್ರು, ತೊಳ್ಕೊಂಡು ಬಂದ್ಲು. ಆಗಲೂ ಮಚ್ಚೆ. “ಇದು ಬರಲ್ಲ ಬಿಡಿ” ಅಂತ ಹಾಳೆ ಪಕ್ಕಕ್ಕಿಟ್ರು. ಹಂಗೆ ಪಕ್ಕಕ್ಕೆ ಹೋದ ಹಾಳೆಗಳು ಬಹಳ ಇದ್ದವು. ಕಲ್ಲು ಹೊರೋರು, ಸುಣ್ಣದ ಕೆಲಸದೋರು, ಹುಣಸೆಹಣ್ಣು ಬಿಡಿಸೋ ಹೆಂಗಸರು. ಲೆಕ್ಕ ಭರ್ತಿ ಮಾಡೋಕೆ ಕೊನೆಗೆ ಶಾಲೆ ಹುಡುಗರನ್ನ ಕರೆಸಿದ್ರು. ಅಂದ್ರೆ ಆ ಅಧ್ಯಯನದಲ್ಲಿ ನಮ್ಮ ಜಾತಿಯ ಕೈ ಅಂತ ಹೋದದ್ದು ಇನ್ನೂ ಕೂಲಿಗೆ ಹೋಗದಿದ್ದವರ ಕೈ. ಪುಸ್ತಕ ಆದ್ಮೇಲೆ ಒಂದು ಪ್ರತಿ ಕಳಿಸ್ತೀನಿ ಅಂದಿದ್ರು. ಬರಲಿಲ್ಲ.

ರೇಗಿ ಎರಡು ದಿನ ಆದ್ಮೇಲೆ ನಾನೇ ಮಗೂಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸ್ಕೊಂಡ್ಲು. ಆಮೇಲೆ ತನ್ನ ನೋಟ್ಸು, ನಾಲ್ಕೈದು ಪೇಪರು ವಾಟ್ಸಾಪಲ್ಲಿ ಹಾಕಿದ್ಲು. “ಓದು ಮಾವ, ಆಮೇಲೆ ಬೈ” ಅಂತ ಕೆಳಗೆ ಒಂದು ಸಾಲು. ಓದಿದೆ. ಎರಡು ವಾರ ಅದೇ ಓದಿದೆ.

ಹೊಟ್ಟೇಲಿರೋ ಕೂಸಿಗೆ ಹತ್ತನೇ ವಾರದ ಸುಮಾರಿಗೆ ಬೆರಳ ತುದಿಯಲ್ಲಿ ಗೆರೆ ಮೂಡೋಕೆ ಶುರುವಾಗಿ ಹದಿನೇಳನೇ ವಾರದ ಹೊತ್ತಿಗೆ ಚಿತ್ರ ನಿಂತುಬಿಡುತ್ತೆ. ಆಮೇಲೆ ಸಾಯೋತನಕ ಅದೇ ಚಿತ್ರ. 2023ರಲ್ಲಿ ಎಡಿನ್‌ಬರೋ ವಿಜ್ಞಾನಿಗಳು ಈ ಗೆರೆ ಹೇಗೆ ಹರಡುತ್ತೆ ಅಂತ ತೋರಿಸಿದ್ರು: ಬೆರಳ ತುದಿಯ ಉಬ್ಬಿನ ಮಧ್ಯೆ, ಉಗುರಿನ ಅಂಚಲ್ಲಿ, ಬೆರಳಿನ ಮಡಿಕೆಯ ಹತ್ತಿರ, ಹೀಗೆ ಮೂರು ಕಡೆಯಿಂದ ಅಲೆಗಳಂತೆ ಹೊರಟು, ಅವು ಎಲ್ಲಿ ಎದುರಾಗ್ತವೋ ಅದರ ಮೇಲೆ ಚಕ್ರವೋ ಶಂಖವೋ ಕಮಾನೋ ನಿರ್ಧಾರ ಆಗುತ್ತೆ. ಜೀಬ್ರಾ ಪಟ್ಟೆಯಂಥವು ಹೇಗೆ ಮೂಡ್ತವೆ ಅಂತ ಅಲನ್ ಟ್ಯೂರಿಂಗ್ 1952ರಲ್ಲಿ ಕೊಟ್ಟ ಗಣಿತವೇ ಇಲ್ಲೂ ಕೆಲಸ ಮಾಡುತ್ತಂತೆ. ಅದರ ಹಿಂದಿನ ವರ್ಷ ಇನ್ನೊಂದು ತಂಡ 23,000ಕ್ಕೂ ಹೆಚ್ಚು ಜನರನ್ನ ನೋಡಿ, ಗೆರೆಯ ಮಾದರಿಗೆ ಸಂಬಂಧಪಟ್ಟ 43 ಜಾಗಗಳನ್ನ ನಮ್ಮ ವಂಶವಾಹಿಯಲ್ಲಿ ಗುರುತಿಸಿತ್ತು. ಅವು ಬಹುಪಾಲು ಕೈಕಾಲು ಬೆಳೆಯೋದಕ್ಕೆ ಸಂಬಂಧಿಸಿದವು. ಒಂದೇ ಮೊಟ್ಟೆಯ ಅವಳಿಗಳಿಗೂ ಬೆರಳಚ್ಚು ಒಂದೇ ಇರಲ್ಲ. ಬಸಿರಲ್ಲಿ ಇವನು ಆಕಡೆ ಮಲಗಿದ್ದ, ಅವನು ಈಕಡೆ ಒತ್ತಿಕೊಂಡಿದ್ದ ಅನ್ನೋವಷ್ಟೂ ಲೆಕ್ಕಕ್ಕೆ ಬರುತ್ತೆ.

ಇನ್ನು ಜನಾಂಗಗಳ ಹೋಲಿಕೆ. ವ್ಯತ್ಯಾಸ ಇಲ್ಲವೇ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಹೆಚ್ಚುಕಡಿಮೆ ಎಲ್ಲ ಕಡೆ ಶಂಖ ಜಾಸ್ತಿ, ಆಮೇಲೆ ಚಕ್ರ, ಕಮಾನು ಅಪರೂಪ. ಪೂರ್ವ ಏಷ್ಯಾದವರಲ್ಲಿ, ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಚಕ್ರದ ಪಾಲು ಹೆಚ್ಚು. ದಕ್ಷಿಣ ಆಫ್ರಿಕಾದ ಸ್ಯಾನ್ ಜನರಲ್ಲಿ ಕಮಾನು ಹೆಚ್ಚು. 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 243 ಕರಿಯ ಮತ್ತು ಬಿಳಿಯ ಅಮೆರಿಕನ್ನರ ತೋರುಬೆರಳು ನೋಡಿ, ಗೆರೆ ಕವಲೊಡೆಯೋ ರೀತೀಲಿ ಸ್ವಲ್ಪ ವ್ಯತ್ಯಾಸ ಇದೆ ಅಂದ್ರು. ಆದರೆ ಇವೆಲ್ಲ ಗುಂಪಿನ ಸರಾಸರಿ. ಒಂದು ಬೆರಳಚ್ಚು ತಂದು ಮೇಜಿನ ಮೇಲಿಟ್ಟು ಇದು ಯಾರ ಪೈಕಿ ಅಂದ್ರೆ ಯಾವ ಪಂಡಿತನೂ ಹೇಳಲಾರ. ಎಲ್ಲ ಥರದ ಗೆರೆಯೂ ಎಲ್ಲ ಜನರಲ್ಲೂ ಇದೆ. ರಿಚರ್ಡ್ ಲೆವೊಂಟಿನ್ ಅನ್ನೋ ವಿಜ್ಞಾನಿ 1972ರಲ್ಲಿ ರಕ್ತದ ಗುಂಪು, ಪ್ರೋಟೀನುಗಳ ಲೆಕ್ಕ ಹಾಕಿ, ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಶೇ. 85ರಷ್ಟು ಒಂದೇ ಗುಂಪಿನೊಳಗೇ ಇದೆ ಅಂತ ತೋರಿಸಿದ್ದ. ಶಾನುಭೋಗರ ಮನೆ ಹುಡುಗನ ಎರಡು ಚಕ್ರಕ್ಕೂ ಅವರ ಅಣ್ಣನ ಏಳು ಚಕ್ರಕ್ಕೂ ಇದ್ದ ದೂರ, ನನಗೂ ಅವನಿಗೂ ಇದ್ದ ದೂರಕ್ಕಿಂತ ಏನು ಭಾರಿ ಕಡಿಮೆ ಇರಲಿಲ್ಲ.

ನಗು ಬರೋ ವಿಷಯ ಅಂದ್ರೆ ಇದು 130 ವರ್ಷದ ಹಿಂದೆಯೇ ಗೊತ್ತಾಗಿತ್ತು. ಫ್ರಾನ್ಸಿಸ್ ಗಾಲ್ಟನ್. ಯೂಜೆನಿಕ್ಸ್, ಅಂದ್ರೆ ಒಳ್ಳೇ ತಳಿ ಕೆಟ್ಟ ತಳಿ ಅನ್ನೋ ‘ವಿಜ್ಞಾನ’ಕ್ಕೆ 1883ರಲ್ಲಿ ಹೆಸರು ಕೊಟ್ಟವನೇ ಈತ. ಬೆರಳ ಗೆರೆಯಲ್ಲಿ ಜನಾಂಗ ಸಿಕ್ಕೇ ಸಿಗುತ್ತೆ ಅಂತ ಬಹಳ ಆಸೆ ಇಟ್ಕೊಂಡು ಇಂಗ್ಲಿಷರು, ವೆಲ್ಷರು, ಯಹೂದಿಗಳು, ಬಾಸ್ಕರು, ಕರಿಯರು ಎಲ್ಲರ ಅಚ್ಚು ಹೋಲಿಸಿದ. ವಿಜ್ಞಾನ ಓದೋ ವಿದ್ಯಾರ್ಥಿಗಳದ್ದನ್ನ ಹೊಲದ ಕೂಲಿಗಳ ಜೊತೆ, ಬುದ್ಧಿಮಾಂದ್ಯರ ಜೊತೆ ಹೋಲಿಸಿದ. ಸಿಗಲಿಲ್ಲ. ತನ್ನ ನಿರೀಕ್ಷೆ ಹುಸಿಯಾಯ್ತು ಅಂತ 1892ರ ಪುಸ್ತಕದಲ್ಲಿ ಅವನೇ ಒಪ್ಪಿಕೊಂಡ. ಅಂಥವನಿಗೂ ಅಷ್ಟು ಪ್ರಾಮಾಣಿಕತೆ ಇತ್ತು ಅಂತ ಹೇಳಲೇಬೇಕು.

ಮೇಲು ಕೀಳು ಕಾಣೋಕೆ ಗೆರೆ ಉಪಯೋಗಕ್ಕೆ ಬರಲಿಲ್ಲ, ಹಿಡಿದುಹಾಕೋಕೆ ಬಂತು. ಆ ಕಥೆ ಬಂಗಾಳದಲ್ಲಿ ಶುರುವಾಗುತ್ತೆ. 1858ರಲ್ಲಿ, ಸಿಪಾಯಿ ದಂಗೆಯ ಮರುವರ್ಷ, ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಅನ್ನೋ ಅಧಿಕಾರಿ ರಸ್ತೆಗೆ ಜಲ್ಲಿ ಒದಗಿಸೋ ಕರಾರಿನ ಹಿಂದುಗಡೆ ರಾಜ್ಯಧರ ಕೊನಾಯ್ ಅನ್ನೋನ ಇಡೀ ಅಂಗೈ ಒತ್ತಿಸಿಕೊಂಡ. ಸಹಿ ನನ್ನದಲ್ಲ ಅಂತ ನಾಳೆ ಅನ್ನದ ಹಾಗೆ ಹೆದರಿಸೋಕೆ. ಆಡಳಿತಕ್ಕೆ ಕೈ ಅಚ್ಚು ಬಂದದ್ದು ಹೀಗೆ. ಕೊನಾಯ್ ಅನ್ನೋ ಹೆಸರಿನ ಜಾತಿ ಇವತ್ತೂ ಪಶ್ಚಿಮ ಬಂಗಾಳದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದೆ. ಅವನು ಆ ಜಾತಿಯವನೇ ಅಂತ ನಾನು ವಾದ ಮಾಡ್ತಿಲ್ಲ. ಹೆಸರು ಓದಿದಾಗ ಬೆರಳು ಅಲ್ಲೇ ನಿಂತಿತು, ಅಷ್ಟೇ. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಬಂತು. ಗೆರೆಗಳನ್ನ ವಿಂಗಡಿಸೋ ಲೆಕ್ಕ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಪದ್ಧತಿಗೆ ಹೆಸರು ಬಂದದ್ದು ಸಾಹೇಬ ಎಡ್ವರ್ಡ್ ಹೆನ್ರಿಯದ್ದು. 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ, ಪಟ್ಟಿಗೆ ಸೇರಿಸಿದ ಜಾತಿಯಲ್ಲಿ ಹುಟ್ಟಿದ್ದಕ್ಕೇ ಬೆರಳಚ್ಚು ಕೊಡಬೇಕಾಯ್ತು, ಕಳ್ಳತನ ಮಾಡಿರಬೇಕು ಅಂತೇನಿಲ್ಲ. ನಮ್ಮ ಸೀಮೆಯ ಕೊರಮ, ಕೊರಚರಂಥ ಸಮುದಾಯಗಳು ಆ ಪಟ್ಟಿಯ ಬಾಧೆ ಉಂಡವು. 1952ರ ಆಗಸ್ಟ್ 31ರವರೆಗೆ ಕಾದರು, ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೂ.

ಗೆರೆ ಬಿಟ್ಟರೆ ಮೂಗು. ಹರ್ಬರ್ಟ್ ರಿಸ್ಲೆ ಮೂಗಿನ ಅಗಲ ಅಳೆದು, ಅಗಲ ಹೆಚ್ಚಾದಷ್ಟೂ ಜಾತಿ ಕೆಳಗೆ ಅಂದ. ಬಾಬಾಸಾಹೇಬರು ಮಾಡಿದ್ದೇನು ನೋಡಿ. ಅಳೆಯೋದೇ ತಪ್ಪು ಅಂತ ಕೂಗಾಡಲಿಲ್ಲ. 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲಿ ಅದೇ ಮೂಗಿನ ಅಳತೆಗಳನ್ನ ಪ್ರಾಂತ್ಯವಾರು ಎದುರಿಗಿಟ್ಟುಕೊಂಡು, ನಿಮ್ಮ ಅಳತೆಪಟ್ಟಿ ನಿಜವಾದ್ರೆ ಬ್ರಾಹ್ಮಣ ಮತ್ತು ಅಸ್ಪೃಶ್ಯ ಒಂದೇ ಜನಾಂಗದವರು ಅಂತ ಸಾಧಿಸಿದ್ರು. ಇವನು ಆರ್ಯನಾದ್ರೆ ಅವನೂ ಆರ್ಯ, ಇವನು ದ್ರಾವಿಡನಾದ್ರೆ ಅವನೂ ದ್ರಾವಿಡ.

ಇಲ್ಲೊಂದು ಮಾತು ನಮ್ಮವರಿಗೇ ಹೇಳ್ಬೇಕು. ಸಿಟ್ಟಾಗೋರು ಆಗಿ. ನಮ್ಮ ಗ್ರೂಪುಗಳಲ್ಲಿ ವರ್ಷಕ್ಕೆರಡು ಸಲ ಒಂದು ಫಾರ್ವರ್ಡ್ ಸುತ್ತುತ್ತೆ. ನಮ್ಮ ಡಿಎನ್‌ಎ ಬೇರೆ, ನಮ್ಮ ರಕ್ತ ಬೇರೆ, ನಾವು ಬೇರೆಯೇ ಜನಾಂಗ, ಬೆರಳಚ್ಚಲ್ಲೂ ಸಾಬೀತಾಗಿದೆ ಅಂತ. ಮೊದಲು ನಾನೂ ಹಂಚಿದ್ದೆ. ಗೆಳೆಯರೇ, ಅದು ರಿಸ್ಲೆಯ ಪಟ್ಟಿಯನ್ನೇ ತಲೆಕೆಳಗು ಹಿಡಿಯೋದು. ನಾವು ಬೇರೆ ಜನಾಂಗ ಆದ್ದರಿಂದ ಊರಾಚೆ ಇದ್ದೀವಿ ಅಂದ್ರೆ, ಊರಾಚೆ ಇಟ್ಟವನ ತಪ್ಪು ಎಲ್ಲಿ ಉಳೀತು? 1916ರ ಮೇ 9ರಂದು ಕೊಲಂಬಿಯಾದ ಮಾನವಶಾಸ್ತ್ರದ ತರಗತಿಯಲ್ಲಿ ಓದಿದ ಪ್ರಬಂಧದಲ್ಲೇ ಬಾಬಾಸಾಹೇಬರು ಜಾತಿಯ ಗಂಟನ್ನ ಒಳಮದುವೆಯಲ್ಲಿ ಹಿಡಿದು ತೋರಿಸಿದ್ರು. ನೂರು ವರ್ಷ ಹತ್ತಿರ ಆದಾಗ, 2013ರಲ್ಲಿ, ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ವಂಶವಾಹಿ ನೋಡಿ ಹೇಳಿದ್ದೇನು? ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಚೆನ್ನಾಗಿ ಬೆರೆತರು, ಆಮೇಲೆ ಬೆರೆಯೋದು ನಿಂತು ಒಳಮದುವೆ ಬಿಗಿಯಾಯ್ತು. ಮಗು ಇದನ್ನ ನನಗಿಂತ ಚೆನ್ನಾಗಿ ಹೇಳಿದ್ಲು: “ಮಾವ, ಒಂದೇ ಚೀಲದ ಕಾಳನ್ನ ಹತ್ತು ಡಬ್ಬಿಗೆ ಹಾಕಿ ಸಾವಿರಾರು ವರ್ಷ ಮುಚ್ಚಿಟ್ಟು, ಅದರಲ್ಲಿದ್ದದ್ದನ್ನೇ ಬಿತ್ತಿ ಬೆಳೆದ್ರೆ, ಡಬ್ಬಿ ಡಬ್ಬಿಗೆ ಒಂಚೂರು ಬೇರೆ ಕಾಣ್ದೇ ಇರುತ್ತಾ? ಎರಡು ಜಾತಿ ನಡುವೆ ಚಕ್ರ ಒಂದೆರಡು ಪರ್ಸೆಂಟ್ ಹೆಚ್ಚುಕಮ್ಮಿ ಬಂದ್ರೆ ಅದು ಡಬ್ಬಿ ಮುಚ್ಚಿದ್ದರ ಲೆಕ್ಕ.” ಜಾತಿ ಮಾಡಿದ ವ್ಯತ್ಯಾಸ ಅದು. ಅದನ್ನ ತೋರಿಸಿ ಜಾತಿಗೆ ಕಾರಣ ಹೇಳೋಕೆ ಬರಲ್ಲ.

(ಈ ನಡುವೆ ಮಕ್ಕಳ ಹತ್ತು ಬೆರಳು ಸ್ಕ್ಯಾನ್ ಮಾಡಿ ಇವನು ಡಾಕ್ಟರ್ ಆಗ್ತಾನೆ, ಇವಳು ಡ್ಯಾನ್ಸರ್ ಆಗ್ತಾಳೆ ಅಂತ ಕಲರ್ ರಿಪೋರ್ಟ್ ಕೊಟ್ಟು ಸಾವಿರಗಟ್ಟಲೆ ಕೀಳೋ ಧಂದೆಯೊಂದು ನಡೀತಿದೆ. ಡಿಎಂಐಟಿ ಅಂತಾರೆ. ಚಕ್ರ ಇದ್ದವನು ರಾಜ ಆಗ್ತಾನೆ ಅನ್ನೋದಕ್ಕೂ ಇದಕ್ಕೂ ಪ್ರಿಂಟರ್ ಒಂದೇ ವ್ಯತ್ಯಾಸ. ದುಡ್ಡು ಹಾಳು ಮಾಡ್ಕೋಬೇಡಿ.)

ಈಗ ಹೆಬ್ಬೆಟ್ಟಿನ ಹೆದರಿಕೆಗೆ ಬರ್ತೀನಿ.

ನಮ್ಮ ತಾತ ಚರ್ಮ ಹದ ಮಾಡೋರು. ಸುಣ್ಣದ ನೀರು, ತಂಗಡಿ ಚಕ್ಕೆ. ಸುಣ್ಣ ಚರ್ಮದ ಕೂದಲನ್ನಷ್ಟೇ ತೆಗೆಯಲ್ಲ, ಹದ ಮಾಡೋನ ಬೆರಳ ಗೆರೆಯನ್ನೂ ತೆಗೆಯುತ್ತೆ. ತಾತನಿಗೆ ಸರ್ಕಾರದಿಂದ ಮಂಜೂರಾದ ಎರಡು ಎಕರೆ ಇತ್ತು. ಅದು ಒಂದು ಕಾಗದದ ಮೇಲಿನ ಹೆಬ್ಬೆಟ್ಟಿನಲ್ಲಿ ಹೋಯ್ತು. ಸಾಲಕ್ಕೆ ಅಂತ ಒತ್ತಿಸಿಕೊಂಡು ಕ್ರಯ ಅಂತ ಬರೆದ್ರು. ಇಂಥ ಸಾವಿರಾರು ಹೆಬ್ಬೆಟ್ಟು ಇದ್ದದ್ದಕ್ಕೇ ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ನಾವೂ ಕೇಸು ಹಾಕಿದ್ವಿ. ತಡವಾಗಿ ಬಂದಿದ್ದೀರಿ ಅಂತ ವಜಾ ಆಯ್ತು. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂದಮೇಲೆ ಮತ್ತೆ ಹಾಕಿದ್ದೀವಿ. ಆ ಕ್ರಯಪತ್ರದ ನಕಲು ನನ್ನ ಹತ್ತಿರ ಇದೆ. ತಾತನ ಹೆಬ್ಬೆಟ್ಟಿನ ಜಾಗದಲ್ಲಿ ಒಂದು ಕಪ್ಪು ಮಚ್ಚೆ. ಒಂದು ಗೆರೆಯೂ ಇಲ್ಲ. ಅವತ್ತು ಆ ಮಚ್ಚೆ ಸಾಕಾಯ್ತು, ಎರಡು ಎಕರೆಗೆ.

ಅವ್ವನ ಮಚ್ಚೆ ಸಾಕಾಗಲ್ಲ, ಐದು ಕೇಜಿ ಅಕ್ಕಿಗೆ.

ರೇಷನ್ ಅಂಗಡೀಲಿ ‘ತಂಬ್ ಕೊಡೋದು’ ಬಂದಾಗಿನಿಂದ ಅವ್ವನ ಗೋಳು ಅದೇ. ಹೆಬ್ಬೆಟ್ಟು ಇಟ್ರೆ ಕೆಂಪು ಲೈಟು. ತೋರುಬೆರಳು, ಕೆಂಪು. ಸೆರಗಿಗೆ ಒರೆಸಿ, ತಲೆಗೆ ಸವರಿ ಎಣ್ಣೆ ಹತ್ತಿಸಿ ಇಡೋದು, ಕೆಂಪು. ಹಿಂದಿನವರು ಗೊಣಗೋದು. “ನಾಳೆ ಬಾರಮ್ಮ, ಸರ್ವರ್ ಸರಿಯಿಲ್ಲ.” ಸರ್ವರ್ ಸರಿ ಇರುತ್ತೆ, ಅವಳ ಹಿಂದಿನವನಿಗೆ ಹಸಿರು ಬರುತ್ತೆ. ಫೋನಿಗೆ ಓಟಿಪಿ ಬರುತ್ತೆ ಅಂತಾರೆ, ಫೋನ್ ನನ್ನ ಹತ್ತಿರ ಬೆಂಗಳೂರಲ್ಲಿ. ನಲವತ್ತು ವರ್ಷ ಹುಣಸೆಹಣ್ಣು ಕುಟ್ಟಿ ಬಿಡಿಸಿದ ಕೈ ಅದು. ನಮ್ಮ ತುಮಕೂರು ಸೀಮೆ ಹುಣಸೆಗೆ ಹೆಸರುವಾಸಿ, ನಿಮ್ಮ ಸಾರಿನ ಹುಳಿ ಯಾರದೋ ಬೆರಳ ಗೆರೆ ತಿಂದು ಬಂದಿರುತ್ತೆ.

ಆಧಾರ್ ಶುರುವಾದದ್ದೂ 2010ರ ಸೆಪ್ಟೆಂಬರಲ್ಲಿ ಮಹಾರಾಷ್ಟ್ರದ ತೆಂಭ್ಲಿ ಅನ್ನೋ ಆದಿವಾಸಿ ಊರಲ್ಲಿ. ಮೊದಲ ಬೆರಳು ಯಾವಾಗಲೂ ನಮ್ಮದೇ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸು 2018ರ ಸೆಪ್ಟೆಂಬರ್ 26ರಂದು ತೀರ್ಪಾಗೋ ಮುಂಚೆ, ಬೆರಳಚ್ಚು ಹೊಂದಾಣಿಕೆ ಶೇ. 6ರಷ್ಟು ಸಲ ವಿಫಲ ಆಗುತ್ತೆ ಅಂತ ಪ್ರಾಧಿಕಾರವೇ ಸುಪ್ರೀಂ ಕೋರ್ಟಿಗೆ ಹೇಳಿತ್ತು. ನೂರಕ್ಕೆ ಆರು. ಕೇಳೋಕೆ ಸಣ್ಣದು. ಆ ಆರರಲ್ಲಿ ಸುಣ್ಣದ ಕೈ ಎಷ್ಟು, ಪೊರಕೆ ಕೈ ಎಷ್ಟು, ಬ್ಯಾಂಕ್ ಮ್ಯಾನೇಜರ್ ಕೈ ಎಷ್ಟು ಅಂತ ಊಹಿಸೋಕೆ ಪಿಎಚ್.ಡಿ. ಬೇಡ.

ನಾಲ್ಕು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರ್ಕೊಂಡ್ಲು. ಮೂರು ತಿಂಗಳು ತಂಗಿ ಮನೇಲಿದ್ಲು. ಹುಣಸೆ ಇಲ್ಲ, ಬೂದಿ ಹಾಕಿ ಪಾತ್ರೆ ತಿಕ್ಕೋದಿಲ್ಲ. ಹುಷಾರಾಗಿ ಊರಿಗೆ ಬಂದು ರೇಷನ್ನಿಗೆ ಹೋದವಳು ಅವತ್ತು ಸಂಜೆ ನನಗೆ ಫೋನ್ ಮಾಡಿಸಿದ್ಲು. “ಲೇ ಮಗಾ, ಇವತ್ತು ಒಂದೇ ಸಲಕ್ಕೆ ಬಂತು ಕಣಾ! ಹಸ್ರು ಲೈಟು!” ಲಾಟರಿ ಹೊಡೆದ ಹಾಗೆ. ಮುಂದಿನ ಸಲ ಹೋದಾಗ ಕೈ ಹಿಡಿದು ನೋಡಿದೆ. ಹೆಬ್ಬೆಟ್ಟಿನ ಮೇಲೆ ತೆಳ್ಳಗೆ ಗೆರೆ ಎದ್ದಿತ್ತು. ಚಕ್ರ. ನನ್ನ ಹೆಬ್ಬೆಟ್ಟಿನದ್ದೇ ಥರದ್ದು.

ಆಮೇಲೆ ಮಗು ಇದರ ಕಾರಣ ಹೇಳಿದ್ಲು. ಸವೆಯೋದು ಚರ್ಮದ ಮೇಲ್ಪದರ ಮಾತ್ರ. ಚಿತ್ರ ಒಳಪದರದಲ್ಲಿ ಭದ್ರವಾಗಿರುತ್ತೆ. ಕೆಲಸ ನಿಲ್ಲಿಸಿದ್ರೆ ಕೆಲವು ವಾರಗಳಲ್ಲಿ ಮತ್ತೆ ಮೇಲಕ್ಕೆ ಬರುತ್ತೆ. ಅವ್ವನಿಗೆ ಆಗ ಅರವತ್ತೆಂಟು. ಹದಿನೇಳನೇ ವಾರದಲ್ಲಿ ಅಜ್ಜಿಯ ಹೊಟ್ಟೆಯಲ್ಲಿ ಮೂಡಿದ ಚಕ್ರವನ್ನ ಅವಳು ನೆಟ್ಟಗೆ ಇಟ್ಕೊಂಡಿದ್ದು ಕೈ ಮುರ್ಕೊಂಡ ಆ ಮೂರು ತಿಂಗಳು. ಮುಂದಿನ ಸುಗ್ಗಿಗೆ ಹುಣಸೆಗೆ ಹೋದ್ಲು. ಬೇಡ ಅಂದ್ರೂ ಕೇಳಲ್ಲ. ಗೆರೆ ಹೋಯ್ತು.

ನನ್ನ ಸಿಟ್ಟಿಗೆ ಮಗು ಕೊಟ್ಟ ಉತ್ತರ ಇಷ್ಟು: “ಅವತ್ತು ಗಾಜು ತೊಳೆದದ್ದು ನೀನು ಮಾವ. ಈ ಸಲ ಪ್ಯಾಡ್ ನಂದು. ಒಂದೇ ಪ್ಯಾಡ್. ಎಲ್ಲರೂ ಅದರ ಮೇಲೇ ಒತ್ತಬೇಕು. ಒತ್ತಲ್ಲ ಅಂದೋರ ಲೆಕ್ಕವನ್ನೂ ಬರ್ಕೊಳ್ತೀನಿ.” ಜೊತೆಗೆ ತನ್ನ ಫಾರಮ್ಮಿಗೆ ಇನ್ನೊಂದು ಕಾಲಮ್ ಸೇರಿಸಿದ್ದಾಳೆ. ಏನು ಕೆಲಸ, ಎಷ್ಟು ವರ್ಷದಿಂದ, ಅಚ್ಚು ಓದೋಕೆ ಬರುತ್ತಾ ಇಲ್ವಾ. ಓದೋಕೆ ಬರದ ಹಾಳೆಯನ್ನ ಎಸೆಯಲ್ಲ, ಅದನ್ನೂ ಎಣಿಸ್ತಾಳೆ. ಇದು ನಿನ್ನ ಟಾಪಿಕ್ ಅಲ್ಲ, ಸ್ಯಾಂಪಲ್ ಹಾಳಾಗುತ್ತೆ ಅಂತ ಗೈಡ್ ಹೇಳಿದ್ದಾರಂತೆ. ಇವಳು ಇನ್ನೂ ಒಪ್ಪಿಲ್ಲ.

ಹೋದ ಭಾನುವಾರ ಕೇರಿಗೆ ಬಂದಿದ್ಲು. ಅದೇ ಹೊಂಗೆ ಮರ, ಈಗ ಸುತ್ತ ಸಿಮೆಂಟ್ ಕಟ್ಟೆ. ಏನಕ್ಕೆ ತಗೊಳ್ತೀನಿ, ಎಲ್ಲಿ ಇಡ್ತೀನಿ, ಬೇಡ ಅಂದ್ರೆ ಹರಿದು ಹಾಕ್ತೀನಿ ಅಂತ ಮೊದಲು ಅರ್ಧ ಗಂಟೆ ಹೇಳಿದ್ಲು. 1996ರಲ್ಲಿ ನಾನು ಒಂದು ನಿಮಿಷವೂ ಹೇಳಿರಲಿಲ್ಲ. ಮೂರು ಜನ ಬೇಡ ಅಂದ್ರು, ಬಿಟ್ಲು. ಮಧ್ಯಾಹ್ನ ಮೇಲಿನ ಬೀದಿಗೆ ಹೋದಾಗ ನಾನು ಬೇಕಂತಲೇ ಹೋಗಲಿಲ್ಲ. ಅಲ್ಲಿ ಹುಡುಗರು ಬಹಳ ಜನ ಸಲೀಸಾಗಿ ಒತ್ತಿದ್ರಂತೆ. ಕೆಲವರು ಪ್ಯಾಡ್ ಎಲ್ಲಿಂದ ಬಂತು ಅಂತ ಕೇಳಿ ಎದ್ದು ಹೋದ್ರಂತೆ. ಅವಳು ನಗ್ತಾ ಹೇಳಿದ್ಲು. ನನಗೆ ನಗು ಬರಲಿಲ್ಲ.

ಕೊನೇಲಿ ಅವ್ವ ಕೂತ್ಲು. ಬಲಗೈ ಹೆಬ್ಬೆಟ್ಟು, ಮಚ್ಚೆ. ಎಡಗೈ, ಮಚ್ಚೆ. ಅಂಗೈಯಲ್ಲಿ ಮಡಿಕೆಗಳು ಮಾತ್ರ ಬಿಳಿ ಗೆರೆಗಳಾಗಿ ಬಂದವು, ಬರದಲ್ಲಿ ಒಡೆದ ಕೆರೆ ಅಂಗಳದ ಹಾಗೆ. ಅವ್ವ ಹಾಳೆ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ಲು:

“ಅಲ್ಲಾ ಕಣೇ, ಗೆರೆನೇ ಬಂದಿಲ್ವಲ್ಲಾ. ಈಗ ನನ್ನ ಯಾವ ಜಾತಿಗೆ ಬರ್ಕೊಂತೀಯ?”

ಸುತ್ತ ಇದ್ದ ಹೆಂಗಸರೆಲ್ಲ ಹೋ ಅಂತ ನಕ್ಕುಬಿಟ್ರು. ಮಗು ನಗ್ತಾನೇ ಪೆನ್ ತಗೊಂಡು ಆ ಹೊಸ ಕಾಲಮ್ಮಿನಲ್ಲಿ ‘ಹುಣಸೆ, 44 ವರ್ಷ’ ಅಂತ ಬರೆದು, ಹಾಳೆಯನ್ನ ಉಳಿದ ಹಾಳೆಗಳ ಜೊತೆಗೇ ಇಟ್ಲು.

ಮುಂದಿನ ಭಾನುವಾರ ಗೊಲ್ಲರಹಟ್ಟಿ. ಪ್ಯಾಡ್ ಹಿಡ್ಕೊಳ್ಳೋಕೆ ನಾನು ಬರ್ತೀನಿ ಅಂದಿದ್ದೀನಿ.

ಜೈ ಭೀಮ್.